ಕೊಸರಿಗೂ ಒಂದು ಗುರುತು

ಪ್ರಶ್ನೆ: ಕನ್ನಡ ಎಂ.ಎ. ಮುಗಿಸಿದ್ದೇನೆ. ಕನ್ನಡ ವಾಕ್ಯಗಳಿಗೆ ಅರ್ಥದ ಗುರುತು ಹಾಕುವ ಕೆಲಸಕ್ಕೆ ಒಂದು ಕಂಪನಿಯಿಂದ ಕರೆ ಬಂದಿದೆ. ಸಂದರ್ಶನದಲ್ಲಿ ‘ಫ್ರೇಮ್‌ನೆಟ್ ಗೊತ್ತೇ?’ ಎಂದು ಕೇಳಿದರು. ತಬ್ಬಿಬ್ಬಾದೆ. ಅಮೆರಿಕದಲ್ಲಿ ಲಾಭದ ಉದ್ದೇಶವಿಲ್ಲದ ಒಂದು ಕಂಪ್ಯೂಟರ್ ವಿಜ್ಞಾನ ಸಂಸ್ಥೆ ಅದನ್ನು ಮಾಡಿದ್ದಂತೆ. ಕಂಪ್ಯೂಟರಿನವರಿಗೆ ವ್ಯಾಕರಣ ಯಾಕೆ? ಮಾರಾಟವೇ ಇಲ್ಲದ ಸಂಸ್ಥೆ ತಯಾರಿಸುವುದಾದರೂ ಏನನ್ನು? ‘ಗುಮಾಸ್ತೆ ಕೆಲಸಕ್ಕೆ ಎಂ.ಎ. ಯಾಕೆ ಬೇಕಿತ್ತು’ ಎನ್ನುತ್ತಿದ್ದಾರೆ ಮನೆಯಲ್ಲಿ. ಸೇರಲೇ, ಬಿಡಲೇ?
– ಓದುಗಿ, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದಿದ ಸಂಜೆ ಗಾಂಧಿ ಬಜಾರಿಗೆ ಸೊಪ್ಪು ತರಲು ಹೋಗಿದ್ದೆ. ನನ್ನ ಮುಂದಿದ್ದ ಹೆಂಗಸು ಕೇಳಿದರು: “ಮೆಂತ್ಯ ಹೇಗಮ್ಮಾ?” “ಕಟ್ಟು ಮೂವತ್ತು.” “ಇಪ್ಪತ್ತಕ್ಕೆ ಕೊಡು.” “ಗಿಟ್ಟಲ್ಲಕ್ಕಾ, ನಮಗೇ ಇಪ್ಪತ್ತೆರಡಕ್ಕೆ ಬಿದ್ದಿದೆ.” ಕೊನೆಗೆ ಮೂವತ್ತಕ್ಕೇ ತಗೊಂಡರು. ಕೊಸರಿಗೆ ನಾಲ್ಕೆಳೆ ಕೊತ್ತಂಬರಿ ಬಂತು.

ಈ ಮಾತುಕತೆಯಲ್ಲಿ ‘ಕೊಳ್ಳು’ ಇಲ್ಲ, ‘ಮಾರು’ ಇಲ್ಲ, ‘ಬೆಲೆ’ ಇಲ್ಲ, ‘ರೂಪಾಯಿ’ ಕೂಡ ಇಲ್ಲ. ಆದರೂ ವ್ಯಾಪಾರ ಮುಗಿಯಿತು. ‘ಹೇಗೆ’ ಎಂದು ಕೇಳಿದ್ದು ಮೆಂತ್ಯದ ಯೋಗಕ್ಷೇಮವನ್ನಲ್ಲ. ‘ಬಿದ್ದಿದೆ’ ಎಂದಾಗ ಯಾವುದೂ ನೆಲಕ್ಕೆ ಬಿದ್ದಿರಲಿಲ್ಲ. ‘ಗಿಟ್ಟಲ್ಲ’ ಎಂಬ ಒಂದು ಮಾತು ಅರ್ಥವಾಗಬೇಕಾದರೆ ಆಕೆ ಬೆಳಗಿನ ಜಾವ ಬೇರೆ ಯಾರಿಂದಲೋ ಸೊಪ್ಪು ತಂದಿದ್ದಾಳೆ, ಅದಕ್ಕೆ ದುಡ್ಡು ಕೊಟ್ಟಿದ್ದಾಳೆ, ಅದರ ಮೇಲೆ ನಾಲ್ಕು ಕಾಸು ಉಳಿಯಬೇಕು ಎಂಬುದೆಲ್ಲ ಕೇಳುವವರ ತಲೆಯಲ್ಲಿ ಮೊದಲೇ ಇರಬೇಕು. ಪದ ಬರಿಯ ಪದವಾಗಿ ಬರುವುದಿಲ್ಲ, ಒಂದು ಇಡೀ ಸನ್ನಿವೇಶವನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಆ ಸನ್ನಿವೇಶವನ್ನೇ ಚಾರ್ಲ್ಸ್ ಫಿಲ್‌ಮೋರ್ ಎಂಬ ಭಾಷಾವಿಜ್ಞಾನಿ ‘ಫ್ರೇಮ್’ ಎಂದರು. ನಾವು ಚೌಕಟ್ಟು ಎನ್ನೋಣ.

ಫಿಲ್‌ಮೋರ್ ಹುಟ್ಟಿದ್ದು 1929ರಲ್ಲಿ, ತೀರಿಕೊಂಡದ್ದು 2014ರಲ್ಲಿ. 1968ರಲ್ಲಿ ಅವರು ಬರೆದ ಒಂದು ದೀರ್ಘ ಲೇಖನ ನಿಮಗೆ ತೀರ ಹೊಸದೆನಿಸುವುದಿಲ್ಲ. ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ ಎಂದು ನೀವು ಬಾಯಿಪಾಠ ಮಾಡಿದ್ದೀರಲ್ಲ, ಸುಮಾರಾಗಿ ಅದೇ ಜಾಡು. ಅವರು ಮೊದಲು ಪಟ್ಟಿ ಮಾಡಿದ ಪಾತ್ರಗಳೂ ಆರೇ. ಆದರೆ ಹತ್ತಾರು ಪಾತ್ರಗಳಿಂದ ಭಾಷೆಯ ಎಲ್ಲ ಕ್ರಿಯಾಪದಗಳನ್ನೂ ಹಿಡಿಯಲಾಗದು ಎಂಬುದು ಅವರಿಗೆ ಬರಬರುತ್ತ ಮನವರಿಕೆಯಾಯಿತು. ಯಾಕೆ ಎಂಬುದಕ್ಕೆ ಕನ್ನಡದ್ದೇ ಒಂದು ವಾಕ್ಯ ನೋಡಿ: “ಮಗಳಿಗೆ ಹಬ್ಬಕ್ಕೆ ಎರಡು ಸಾವಿರಕ್ಕೆ ಸೀರೆ ತಗೊಂಡೆ.” ಮೂರು ಕಡೆ ಚತುರ್ಥಿ. ಒಂದು ಸೀರೆ ಉಡುವವಳನ್ನು ಹೇಳುತ್ತದೆ, ಒಂದು ಸಂದರ್ಭವನ್ನು, ಒಂದು ಕೊಟ್ಟ ಹಣವನ್ನು. ವಿಭಕ್ತಿ ನೋಡಿ ಇವನ್ನು ಬೇರ್ಪಡಿಸಲಾಗದು. ವ್ಯಾಪಾರದ ಚೌಕಟ್ಟಿನಲ್ಲಿ ಯಾರ್‍ಯಾರು, ಏನೇನು ಇರುತ್ತದೆ ಎಂದು ತಿಳಿದಿದ್ದರೆ ಮಾತ್ರ ಬೇರ್ಪಡಿಸಬಹುದು.

ಇನ್ನು ನೀವು ಕೇಳಿದ ಸಂಸ್ಥೆ. ಹೆಸರು ಇಂಟರ್‌ನ್ಯಾಷನಲ್ ಕಂಪ್ಯೂಟರ್ ಸೈನ್ಸ್ ಇನ್‌ಸ್ಟಿಟ್ಯೂಟ್. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದೆ, 1988ರಲ್ಲಿ ಶುರುವಾಯಿತು, ಅಲ್ಲಿನ ವಿಶ್ವವಿದ್ಯಾಲಯದ ಒಡನಾಟದಲ್ಲಿದ್ದರೂ ಸ್ವತಂತ್ರ. ಫಿಲ್‌ಮೋರ್ ಅವರ ಮುಂದಾಳತ್ವದಲ್ಲಿ ಫ್ರೇಮ್‌ನೆಟ್ ಅಲ್ಲಿ ಮೊದಲಾದದ್ದು 1997ರಲ್ಲಿ. ಅವರು ಮಾಡಿದ್ದು ಇಷ್ಟು: ಒಂದು ಚೌಕಟ್ಟನ್ನು ವಿವರಿಸುವುದು, ಅದರೊಳಗಿನ ಪಾತ್ರಗಳಿಗೆ ಹೆಸರಿಡುವುದು, ಅದಕ್ಕೆ ಸೇರುವ ಪದಗಳನ್ನು ಹುಡುಕುವುದು, ಆಮೇಲೆ ಜನ ನಿಜವಾಗಿ ಬರೆದ, ಆಡಿದ ವಾಕ್ಯಗಳನ್ನು ತಂದು ಯಾವ ತುಂಡು ಯಾವ ಪಾತ್ರ ಎಂದು ಒಂದೊಂದಾಗಿ ಗುರುತು ಹಾಕುವುದು. ಹೀಗೆ 1,200ಕ್ಕೂ ಹೆಚ್ಚು ಚೌಕಟ್ಟುಗಳು, 2 ಲಕ್ಷಕ್ಕೂ ಹೆಚ್ಚು ವಾಕ್ಯಗಳು. ಕೈಯಿಂದ. ವರ್ಷಗಟ್ಟಲೆ.

ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ನೀವು ತಿರುವಿ ಹಾಕಿರುತ್ತೀರಿ. ಒಂದು ಅರ್ಥ ಕೊಟ್ಟು ಸುಮ್ಮನಾಗದೆ ಶಾಸನದ್ದೋ ಕಾವ್ಯದ್ದೋ ಒಂದು ಸಾಲನ್ನು ಕೆಳಗೆ ಇಡುತ್ತಾರಲ್ಲ, ‘ನೋಡಿಕೊಳ್ಳಿ, ಇಲ್ಲಿದೆ ಸಾಕ್ಷಿ’ ಎಂಬಂತೆ, ಫ್ರೇಮ್‌ನೆಟ್ಟಿನ ಶ್ರದ್ಧೆಯೂ ಅದೇ ಜಾತಿಯದು. ಪರಿಷತ್ತೂ ಲಾಭಕ್ಕಾಗಿ ಹುಟ್ಟಿದ್ದಲ್ಲ. ಇಂಥ ಸಂಸ್ಥೆಯ ಫಸಲು ಎಂದರೆ ಪ್ರಬಂಧ, ತಂತ್ರಾಂಶ, ಮತ್ತು ಬೇರೆಯವರು ಮುಂದುವರಿಸಲಿ ಎಂದು ತೆರೆದಿಟ್ಟ ಸಾಮಗ್ರಿ. ಬರ್ಕ್ಲಿಯ ಸಂಸ್ಥೆಯಲ್ಲಿ ಭಾಷೆಯದು ಒಂದು ಕೋಣೆ ಅಷ್ಟೆ. ಇಂಟರ್‌ನೆಟ್ಟಿನ ದಟ್ಟಣೆಯನ್ನು ಹತೋಟಿಯಲ್ಲಿಡುವ ಬಗೆ ಕುರಿತು ಸ್ಯಾಲಿ ಫ್ಲಾಯ್ಡ್ ಕೆಲಸ ಮಾಡಿದ್ದು ಅಲ್ಲೇ. ಈಗ ಜೀಕ್ ಎಂಬ ಹೆಸರಿನಲ್ಲಿರುವ, ಜಾಲಕ್ಕೆ ನುಗ್ಗುವವರನ್ನು ಪತ್ತೆಹಚ್ಚುವ ತಂತ್ರಾಂಶ ಬೆಳೆದದ್ದೂ ಅಲ್ಲಿನವರ ಕೈಯಲ್ಲೇ. ಮಾತು ಗುರುತಿಸುವ ಸಂಶೋಧನೆಗೆಂದು ತಮ್ಮ 75 ಸಭೆಗಳನ್ನು, ಸುಮಾರು 72 ಗಂಟೆ, ಧ್ವನಿಮುದ್ರಿಸಿ ಬರಹಕ್ಕಿಳಿಸಿ ಕೊಟ್ಟಿದ್ದಾರೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವುದನ್ನೂ ಹಾಗೇ ಉಳಿಸಿಕೊಂಡು.

ಗುರುತು ಹಾಕಿಟ್ಟರೆ ಏನಾಗುತ್ತದೆ? 2002ರಲ್ಲಿ ಡೇನಿಯಲ್ ಗಿಲ್ಡಿಯಾ ಮತ್ತು ಡೇನಿಯಲ್ ಜುರಾಫ್‌ಸ್ಕಿ ಫ್ರೇಮ್‌ನೆಟ್ಟಿನ ಸುಮಾರು 50,000 ವಾಕ್ಯಗಳನ್ನು ಯಂತ್ರಕ್ಕೆ ಕೊಟ್ಟು, ಹೊಸ ವಾಕ್ಯಗಳಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ಅದು ತಾನೇ ಗುರುತಿಸುವಂತೆ ಕಲಿಸಿದರು. ಆ ಪ್ರಬಂಧದಿಂದ ಒಂದು ಸಂಶೋಧನಾ ಕ್ಷೇತ್ರವೇ ಬೆಳೆಯಿತು. ಫ್ರೇಮ್‌ನೆಟ್ ಬೀಗ ಹಾಕಿದ ಬೀರುವಿನಲ್ಲಿದ್ದಿದ್ದರೆ ಇದಾಗುತ್ತಿತ್ತೇ? ಸ್ಪ್ಯಾನಿಷ್, ಜಪಾನಿ, ಸ್ವೀಡಿಷ್, ಬ್ರೆಜಿಲಿನ ಪೋರ್ಚುಗೀಸ್ ಭಾಷೆಗಳವರು ಅದೇ ದಾರಿಯಲ್ಲಿ ತಮ್ಮ ತಮ್ಮ ಫ್ರೇಮ್‌ನೆಟ್ ಕಟ್ಟಿಕೊಂಡರು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ಮೇಲೆ ನಾನೂ ಇದೇ ನಗರದಲ್ಲಿ ಮೂರು ವರ್ಷ ವಾಕ್ಯಗಳಿಗೆ ಗುರುತು ಹಾಕಿದ್ದೇನೆ. ದಿನಕ್ಕೆ ಮುನ್ನೂರು ವಾಕ್ಯ ಎಂದು ಲೆಕ್ಕ. “ಅಪ್ಪ ಅಂಗಡಿಯಿಂದ ಅಕ್ಕಿ ತಂದರು” ಎಂಬಲ್ಲಿ ಪಕ್ಕದ ಮೇಜಿನವರು ‘ಸಾಗಣೆ’ ಎಂದರು, ನಾನು ‘ಖರೀದಿ’ ಎಂದೆ. ಇಬ್ಬರದ್ದೂ ಸರಿ. ಕನ್ನಡದಲ್ಲಿ ತರುವುದು ಎಂದರೆ ಎಷ್ಟೋ ಸಲ ಕೊಂಡು ತರುವುದೇ. ಈ ಭಿನ್ನಾಭಿಪ್ರಾಯವನ್ನು ಬರೆದಿಡೋಣ ಎಂದರೆ, ಮೇಲಿನವರು ‘ಯಾವುದಾದರೂ ಒಂದನ್ನು ಒತ್ತಿ, ಮುಂದೆ ಹೋಗಿ’ ಎಂದರು. ಯೋಜನೆ ಮುಗಿದ ದಿನ ಕಂಪ್ಯೂಟರುಗಳನ್ನು ವಾಪಸ್ ಪಡೆದರು. ನಾವು ಹನ್ನೊಂದು ಜನ ಮಾಡಿದ ಗುರುತುಗಳಲ್ಲಿ ಒಂದು ಸಾಲೂ ಹೊರಗೆ ಬರಲಿಲ್ಲ. ಕೇಳಿದ್ದಕ್ಕೆ ‘ಅದು ನಮ್ಮ ಸ್ವತ್ತು’ ಎಂದರು. ಸಂಬಳ ಸರಿಯಾಗಿಯೇ ಕೊಟ್ಟಿದ್ದರು, ನಿಜ. ಆದರೂ ಆ ಮೂರು ವರ್ಷದ ಕನ್ನಡ ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಹಾಗಾಗಿ ನನ್ನ ಸಲಹೆ: ಸೇರಿ. ಎಂ.ಎ. ಬೇಕಾಗಿರುವುದು ಇದಕ್ಕೇ. ‘ಗಿಟ್ಟು’ ಎಂಬುದಕ್ಕೆ ಕರ್ತೃ ಯಾರು, ಸೊಪ್ಪಿನವಳೋ, ಸೊಪ್ಪೋ, ಇಪ್ಪತ್ತು ರೂಪಾಯಿಯೋ ಎಂದು ಅರ್ಧ ದಿನ ಯೋಚಿಸುವ ತಾಳ್ಮೆ ಕನ್ನಡ ಓದಿದವರಿಗಲ್ಲದೆ ಯಾರಿಗೆ ಬರಬೇಕು? ಆದರೆ ಸಹಿ ಹಾಕುವ ಮುಂಚೆ ಕೇಳಿ: ನಾವು ಗುರುತು ಹಾಕಿದ ವಾಕ್ಯಗಳಲ್ಲಿ ಒಂದು ಪಾಲನ್ನಾದರೂ ಎಲ್ಲರಿಗೂ ತೆರೆದಿಡುತ್ತೀರಾ? ಇಬ್ಬರು ಬೇರೆ ಬೇರೆ ಗುರುತು ಹಾಕಿದರೆ ಎರಡನ್ನೂ ಉಳಿಸುತ್ತೀರಾ? ಉತ್ತರ ‘ಇಲ್ಲ’ ಎಂದೇ ಬರಬಹುದು. ಕೆಲಸ ಬೇಕಿದ್ದರೆ ಆಗಲೂ ಸೇರಿ, ತಪ್ಪಿಲ್ಲ. ಸಂಜೆಯ ಹೊತ್ತು ಮಾತ್ರ ನಿಮ್ಮದಾಗಿರಲಿ.

ಆ ಸಂಜೆಗಳಿಗೆ ಒಂದು ಕೆಲಸ ಕೊಡುತ್ತೇನೆ. ಇಂಗ್ಲಿಷಿನ ವ್ಯಾಪಾರದ ಚೌಕಟ್ಟಿನಲ್ಲಿ ಕೊಳ್ಳುವವರು, ಮಾರುವವರು, ಸರಕು, ಹಣ ಎಂಬ ನಾಲ್ಕು ಮುಖ್ಯ. ಅದನ್ನು ಹಾಗೇ ಎತ್ತಿ ತಂದು ಕನ್ನಡಕ್ಕೆ ತೊಡಿಸಬೇಡಿ. ನಮ್ಮಲ್ಲಿ ಕೊಸರಿದೆ, ಬೋಣಿಯಿದೆ, ಉದ್ರಿಯಿದೆ, ಹೂವಿಗೆ ಮೊಳವಿದೆ, ಸೊಪ್ಪಿಗೆ ಕಟ್ಟಿದೆ. “ಬೋಣಿ ಟೈಮು, ಇಲ್ಲ ಅನ್ಬೇಡಿ” ಎಂಬ ವಾಕ್ಯದಲ್ಲಿ ಸರಕೂ ಇಲ್ಲ, ಹಣವೂ ಇಲ್ಲ, ಆದರೂ ಅದು ವ್ಯಾಪಾರದ್ದೇ. ಅದಕ್ಕೆ ಯಾವ ಗುರುತು? ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ರಾಶಿ ಹಾಕಿಕೊಂಡು ಕೂತವರು ಒಬ್ಬೊಬ್ಬರು ಒಂದೊಂದು ಸೀಮೆಯ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಯಾರ ಹೆಸರೂ ಬರೆಯಬೇಡಿ, ಮಾತನ್ನಷ್ಟೇ ಬರೆದುಕೊಳ್ಳಿ.

‘ಗಿಟ್ಟು’ ಬರುವ ಇಪ್ಪತ್ತು ವಾಕ್ಯ ಸಿಕ್ಕ ಕೂಡಲೇ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನೀವು ಒಂದು ಸಲ ಗುರುತು ಹಾಕಿ, ಅದನ್ನು ನೋಡದೆ ನಾನು ಒಂದು ಸಲ ಹಾಕುತ್ತೇನೆ. ಎಲ್ಲೆಲ್ಲಿ ನಮ್ಮಿಬ್ಬರಿಗೂ ಹೊಂದಲಿಲ್ಲವೋ ಆ ವಾಕ್ಯಗಳನ್ನು ಇದೇ ಪುಟದಲ್ಲಿ ಅಚ್ಚು ಹಾಕಿಸೋಣ.