ಕಾದಂಬರಿ ಆರಂಭವಾಗುವುದೆಲ್ಲಿ?

ಪ್ರಶ್ನೆ: ಶರಾವತಿ ಮುಳುಗಡೆಯ ಕುರಿತು ಕಾದಂಬರಿ ಬರೆಯುತ್ತಿದ್ದೇನೆ. ಕಳುಹಿಸಿರುವ ಆರಂಭದ ಮೂರು ಪುಟಗಳಲ್ಲಿ ಮಳೆಗಾಲದ ವರ್ಣನೆಯೂ ಅಣೆಕಟ್ಟಿನ ಇತಿಹಾಸವೂ ಇವೆ. ನಾಲ್ಕನೆಯದರಲ್ಲಿ ಮನೆಯ ಹೆಂಚು ಇಳಿಸುವುದನ್ನು ಅಜ್ಜಿ ನೋಡುತ್ತಾಳೆ. ಓದಿದವರು ಬೇಸರವಾಯಿತೆನ್ನುತ್ತಾರೆ. ದೋಷವೆಲ್ಲಿದೆ?
— ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಕಾದಂಬರಿ ನಿಜವಾಗಿ ಆರಂಭವಾಗುವುದು ನಾಲ್ಕನೆಯ ಪುಟದಲ್ಲಿ. ಆಳುಗಳು ಹೆಂಚು ಇಳಿಸುತ್ತಿರುವಾಗ, ಅದುವರೆಗೆ ಹೊಗೆಗತ್ತಲಲ್ಲೇ ಇದ್ದ ಅಡುಗೆಮನೆಗೆ ಮೊದಲ ಬಾರಿ ಬಿಸಿಲು ಬಿದ್ದು, ಅಜ್ಜಿ ನಾಚಿದವಳಂತೆ ಒಲೆಗೆ ಸೆರಗು ಮರೆಮಾಡುವ ಆ ಒಂದು ವಾಕ್ಯವು ಹಿಂದಿನ ಮೂರು ಪುಟಗಳು ಹೇಳಲಾರದ್ದನ್ನು ಹೇಳುತ್ತದೆ. ಅದನ್ನೇ ಮುಂದಕ್ಕೆ ತನ್ನಿ. ಮಳೆಯ ವರ್ಣನೆ ಸೊಗಸಾಗಿದೆ, ಆದರೆ ಮಲೆನಾಡಿನ ಯಾವ ಕಾದಂಬರಿಗಾದರೂ ಒಪ್ಪುವಂಥದ್ದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತೆಂಬುದನ್ನು ಪಾಠದಂತೆ ಒಪ್ಪಿಸಬೇಕಿಲ್ಲ. ಬದಲಾಗಿ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟನ್ನು ಬಳಸಿಕೊಳ್ಳಿ: ಅದಕ್ಕೂ ಮೊದಲು ಕಟ್ಟಿದ ಆ ಅಣೆಕಟ್ಟೇ ಹೊಸ ಜಲಾಶಯದಲ್ಲಿ ಮುಳುಗಿಹೋಗಿ, ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಾತ್ರ ಕಾಣಿಸುತ್ತದೆ. ಅಜ್ಜಿ ಎರಡು ಮುಳುಗಡೆಗಳನ್ನು ಕಂಡವಳಾದರೆ, ಅಧಿಕಾರಿಗಳ ಮಾತನ್ನು ಅವಳು ಕೇಳಿಸಿಕೊಳ್ಳುವ ಬಗೆಯೇ ಬೇರೆಯಾಗುತ್ತದೆ. ಇನ್ನೊಂದು ಮಾತು: ಏಳು ವರ್ಷದ ನಿರೂಪಕನು ‘ಪುನರ್ವಸತಿ’ ಎಂಬ ಪದವನ್ನು ಅಷ್ಟು ಸಲೀಸಾಗಿ ಆಡುವುದು ನನಗೆ ಒಪ್ಪಿಗೆಯಾಗಲಿಲ್ಲ, ಅವನ ಕಿವಿಗೆ ಬಿದ್ದ ಹಾಗೆ, ತಪ್ಪಾಗಿಯೇ ಬರೆಯಿರಿ.