ಬೆಂಗಳೂರಲ್ಲಿ ಕ್ಯಾಬ್ ಜೊತೆಗೆ ಪಾರ್ಸೆಲ್ ಕೆಲಸಕ್ಕೆ 8 ಲಕ್ಷದೊಳಗೆ ಯಾವ ಮ್ಯಾನ್ಯುವಲ್ ಸೆಡಾನ್ ತಗೋಬೇಕು?

ದಿನಕ್ಕೆ 200 ಕಿ.ಮೀ. ಓಡಿಸ್ತೀನಿ, ಪೆಟ್ರೋಲ್ ಸಾಕಾ ಸಿಎನ್‌ಜಿ ಬೇಕಾ ಅಂತಾನೂ ಕೇಳಿದ್ದೀರಿ. ಸಿಎನ್‌ಜಿನೇ ತಗೊಳ್ಳಿ. ಟ್ರಾಫಿಕ್‌ನಲ್ಲಿ ಪೆಟ್ರೋಲ್ ಲೀಟರಿಗೆ 16, ಸಿಎನ್‌ಜಿ ಕೆ.ಜಿ.ಗೆ 24 ಕಿ.ಮೀ. ಕೊಡುತ್ತೆ ಅಂತಿಟ್ಕೊಳ್ಳಿ. ಲೀಟರಿಗೆ 103, ಕೆ.ಜಿ.ಗೆ 90 ರೂಪಾಯಿ ಹಿಡಿದರೆ ದಿನಕ್ಕೆ ಸುಮಾರು 1,290ರ ಬದಲು 750 ಖರ್ಚು. ತಿಂಗಳಿಗೆ 25 ದಿನ ಓಡಿದರೆ 13 ಸಾವಿರ ಉಳಿಯುತ್ತೆ. ಸಿಎನ್‌ಜಿಗೆ ಕೊಡೋ ಹೆಚ್ಚುವರಿ ಹಣ ಸುಮಾರು 90 ಸಾವಿರ ಅಂದರೂ ಏಳೆಂಟು ತಿಂಗಳಲ್ಲಿ ವಾಪಸ್.

ಇನ್ನು ಯಾವ ಗಾಡಿ ಅನ್ನೋದನ್ನ ಡಿಕ್ಕಿ ನೋಡಿ ತೀರ್ಮಾನಿಸಿ. ಮೈಲೇಜ್, ಬಿಡಿಭಾಗ, ಮರುಮಾರಾಟ ಮೂರರಲ್ಲೂ ಮಾರುತಿ ಟೂರ್ ಎಸ್ (ಡಿಜೈರ್‌ನ ಟ್ಯಾಕ್ಸಿ ಆವೃತ್ತಿ) ಮುಂದೆ. ಆದರೆ ಅದರ 55 ಲೀಟರ್ ಸಿಲಿಂಡರ್ ಡಿಕ್ಕಿಯನ್ನ ನುಂಗಿಬಿಡುತ್ತೆ. ಏರ್‌ಪೋರ್ಟ್ ಟ್ರಿಪ್‌ನಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಬಂದರೆ ಒಂದು ಸೀಟಿನ ಮೇಲೇ. ಹ್ಯುಂಡೈ ಔರಾದಲ್ಲೂ ಅದೇ ಕಥೆ, ಸಿಲಿಂಡರ್ ಇನ್ನೂ ದೊಡ್ಡದು. ಟಾಟಾ ಟಿಗೋರ್‌ನಲ್ಲಿ ಎರಡು ಸಣ್ಣ ಸಿಲಿಂಡರ್ ನೆಲದಡಿ ಕೂರುತ್ತವೆ, ಡಿಕ್ಕಿ ಕೆಲಸಕ್ಕೆ ಬರುತ್ತೆ. ಮೈಲೇಜ್ ಮಾತ್ರ ಟೂರ್ ಎಸ್‌ಗಿಂತ ಕಮ್ಮಿ. ಬರೀ ಊರೊಳಗಿನ ಟ್ರಿಪ್ ಆದರೆ ಟೂರ್ ಎಸ್, ಲಗೇಜ್ ಜಾಸ್ತಿ ಇದ್ದರೆ ಟಿಗೋರ್. ನಿಮ್ಮ ಕೆಲಸಕ್ಕೆ ನಾನಾದರೆ ಟಿಗೋರ್ ಆರಿಸ್ತೀನಿ.

ಪಾರ್ಸೆಲ್ ವಿಷಯದಲ್ಲಿ ಒಂದು ಎಚ್ಚರಿಕೆ: ಕ್ಯಾಬ್ ಪರ್ಮಿಟ್ ಪ್ರಯಾಣಿಕರಿಗೆ ಮಾತ್ರ. ಸರಕು ಸಾಗಣೆಗೆ ನೋಂದಣಿಯೇ ಬೇರೆ. ಬಾಡಿಗೆ ಸರಕು ತುಂಬಿದಾಗ ಅಪಘಾತವಾದರೆ ಕ್ಲೇಮ್‌ಗೆ ತಕರಾರು ಬರಬಹುದು. ಮೊದಲೇ ವಿಮಾ ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಮ್ಯಾನ್ಯುವಲ್‌ನಲ್ಲಿ ಮೊದಲು ಹೋಗೋದು ಕ್ಲಚ್. ಸಿಎನ್‌ಜಿಯಲ್ಲಿ ಎಂಜಿನ್ ಶಕ್ತಿ ಕಮ್ಮಿ. ಹೆಬ್ಬಾಳ ಫ್ಲೈಓವರ್ ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ (ಕ್ಲಚ್ ಅರ್ಧ ಒತ್ತಿ) ನಿಲ್ಲಿಸಿಕೊಂಡರೆ ಕ್ಲಚ್ ಪ್ಲೇಟ್ ಸುಡುತ್ತೆ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿ. ಹಳೇ ಗಾಡಿ ನೋಡೋದಾದರೆ ಮೂರನೇ ಗೇರ್‌ನಲ್ಲಿ 40ರಲ್ಲಿ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ (ಎಂಜಿನ್ ತಿರುಗೋ ವೇಗ) ಮಾತ್ರ ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಬದಲಿಸುವಾಗ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಬೇರಿಂಗ್ ಒಂದಕ್ಕೋಸ್ಕರ ಮತ್ತೆ ಗೇರ್‌ಬಾಕ್ಸ್ ಇಳಿಸೋ ಕೂಲಿ ದಂಡ.

ಸಿಎನ್‌ಜಿ ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡೋ ಒತ್ತಡದ ಪರೀಕ್ಷೆ) ಕಡ್ಡಾಯ. ಹಳೇ ಗಾಡಿಯಲ್ಲಿ ಸಿಲಿಂಡರ್ ಪ್ಲೇಟ್ ಮೇಲಿನ ಟೆಸ್ಟ್ ದಿನಾಂಕ ಓದಿ, ಆರ್‌ಸಿಯಲ್ಲಿ ಸಿಎನ್‌ಜಿ ನಮೂದಾಗಿದೆಯಾ ನೋಡಿ. ಪೆಟ್ರೋಲ್ ಟ್ಯಾಂಕ್ ಯಾವಾಗಲೂ ಕಾಲು ಭಾಗವಾದರೂ ಇರಲಿ. ಪಂಪ್ ಟ್ಯಾಂಕಿನೊಳಗೇ ಇದೆ, ಪೆಟ್ರೋಲೇ ಅದನ್ನ ತಂಪಾಗಿಡೋದು. ದಿನಾ ಎರಡು ಮೂರು ಕಿ.ಮೀ. ಪೆಟ್ರೋಲ್‌ನಲ್ಲೇ ಓಡಿಸಿದರೆ ಇಂಜೆಕ್ಟರ್ ಕಟ್ಟಿಕೊಳ್ಳಲ್ಲ.