ಕೋಲಾರದಲ್ಲಿರುವ ವಿಶ್ವವಿದ್ಯಾಲಯಕ್ಕೆ 'ಬೆಂಗಳೂರು ಉತ್ತರ' ಅಂತ ಹೆಸರು ಯಾಕೆ?

ಮಗಳು ಓದುತ್ತಿರುವುದು ಚಿಂತಾಮಣಿಯಲ್ಲಿ, ವಿಶ್ವವಿದ್ಯಾಲಯ ಇರುವುದು ಕೋಲಾರದಲ್ಲಿ, ಅಂಕಪಟ್ಟಿಯ ಮೇಲೆ ಮಾತ್ರ ಬೆಂಗಳೂರು ಉತ್ತರ. ಇದು ಸರ್ಕಾರದ್ದೇನಾ ಅಂತ ಕೇಳಿದ್ದೀರಿ. ಸರ್ಕಾರದ್ದೇ, ಅನುಮಾನ ಬೇಡ. ಹೆಸರಿನ ಕಥೆ ಸ್ವಲ್ಪ ಉದ್ದ. ನಾನೂ ಚಿಕ್ಕಬಳ್ಳಾಪುರದ ಕಡೆಯವನು, ಎಂ.ಎ. ಓದಿದ್ದು ಕೋಲಾರದ ಮಂಗಸಂದ್ರದ ಸ್ನಾತಕೋತ್ತರ ಕೇಂದ್ರದಲ್ಲಿ. ಆಗ ಅದು ಬೆಂಗಳೂರು ವಿಶ್ವವಿದ್ಯಾಲಯದ ಕೈಕೆಳಗಿತ್ತು.

ಮೊದಲು ಇದ್ದದ್ದು ಮೈಸೂರು ವಿಶ್ವವಿದ್ಯಾಲಯ ಒಂದೇ. 1916ರಲ್ಲಿ ಅದು ಶುರುವಾದಾಗ ದಿವಾನರಾಗಿದ್ದವರು ಸರ್ ಎಂ.ವಿ., ನಮ್ಮ ಮುದ್ದೇನಹಳ್ಳಿಯವರು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಕೂಡ ಆಗ ಮೈಸೂರಿಗೇ ಸೇರಿತ್ತು. ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಅವರೇ ತೆರೆಸಿದರು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು ಈ ಎರಡು ಕಾಲೇಜುಗಳನ್ನು ಮುಂದಿಟ್ಟುಕೊಂಡೇ.

ಇಲ್ಲಿ ಎಚ್ಚೆನ್, ಅಂದರೆ ಎಚ್. ನರಸಿಂಹಯ್ಯ ಅವರ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಓದಬೇಕೆಂದು ಊರಿನಿಂದ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, 1972ರಿಂದ 77ರವರೆಗೆ ಅದೇ ಬೆಂಗಳೂರಿನ ವಿಶ್ವವಿದ್ಯಾಲಯಕ್ಕೆ ಕುಲಪತಿಯಾದರು. ಜ್ಞಾನಭಾರತಿ ಕ್ಯಾಂಪಸ್ ತಲೆ ಎತ್ತಿದ್ದು ಅವರ ಕಾಲದಲ್ಲಿ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜು ಬಂದದ್ದೂ ಅವರಿಂದಲೇ. ಹಳ್ಳಿ ಮಕ್ಕಳು ತಮ್ಮ ಹಾಗೆ ನಡೆದು ಹೋಗುವುದು ಬೇಡ ಅಂತ ಅವರಿಗೆ ಅನಿಸಿರಬೇಕು. ಅಲ್ಲಿ ಓದಿದ ನಮ್ಮ ಬಂಧುಗಳನ್ನು ನೋಡಿದಾಗೆಲ್ಲ ನನಗೆ ಹಾಗೇ ತೋರುತ್ತದೆ.

ಕೋಲಾರ, ತುಮಕೂರು ಜಿಲ್ಲೆಗಳ ಕಾಲೇಜುಗಳೆಲ್ಲ ಬಹುಕಾಲ ಬೆಂಗಳೂರಿಗೇ ಸೇರಿದ್ದವು. ಬಾಗೇಪಲ್ಲಿಯಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್. ಒಂದು ಕಾಗದಕ್ಕೆ ಮೊಹರು ಬೇಕಿದ್ದರೂ ಮೆಜೆಸ್ಟಿಕ್‌ನಲ್ಲಿ ಇಳಿದು, ಜ್ಞಾನಭಾರತಿಯ ಸಿಟಿ ಬಸ್ಸು ಹಿಡಿದು, ಸಂಜೆಯೊಳಗೆ ಊರು ಸೇರುವ ಯೋಚನೆ. ನಾನೂ ಹಾಗೆ ಹೋಗಿ ಬಂದಿದ್ದೇನೆ, ಬುತ್ತಿ ಕಟ್ಟಿಕೊಂಡು. 2004ರಲ್ಲಿ ತುಮಕೂರಿಗೆ ಬೇರೆ ವಿಶ್ವವಿದ್ಯಾಲಯವಾಯಿತು. ಅದಕ್ಕೆ ಊರಿನ ಹೆಸರೇ ಸಿಕ್ಕಿತು. ನಾವು ಉಳಿದೆವು.

ಅಷ್ಟರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು 600 ದಾಟಿದ್ದವು. ಒಂದೇ ಆಡಳಿತಕ್ಕೆ ಅಷ್ಟನ್ನು ಹೊರುವುದು ಕಷ್ಟ ಅಂತ 2015ರಲ್ಲಿ ಕಾಯ್ದೆ ತಿದ್ದಿ, ಮೂರು ಪಾಲು ಮಾಡಿದರು: ಜ್ಞಾನಭಾರತಿಯ ಹಳೆಯದು, ನಗರದ ನಡುವಿನ ಬೆಂಗಳೂರು ಕೇಂದ್ರ, ಮತ್ತು ನಮ್ಮ ಬೆಂಗಳೂರು ಉತ್ತರ. 2017ರಲ್ಲಿ ಕೋಲಾರದ ಟಮಕದಲ್ಲಿ ಅದರ ಕೆಲಸ ಶುರುವಾಯಿತು, ಮೊದಲ ಕುಲಪತಿ ಟಿ.ಡಿ. ಕೆಂಪರಾಜು. ನಾನು ಓದಿದ ಮಂಗಸಂದ್ರದ ಕೇಂದ್ರವೂ ಇದಕ್ಕೇ ಬಂತು.

ಹೆಸರು ಬಂದದ್ದು ಈ ಪಾಲಿನಿಂದ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಜೊತೆಗೆ ಹೊಸಕೋಟೆ, ದೇವನಹಳ್ಳಿ, ಬೆಂಗಳೂರು ನಗರದ ಕೆಲವು ಭಾಗಗಳ ಕಾಲೇಜುಗಳೂ ಇದರಲ್ಲಿವೆ. ಹಂಚಿದವರು ಬೆಂಗಳೂರಿನಲ್ಲಿ ನಿಂತು ದಿಕ್ಕು ನೋಡಿದರು. ಕೋಲಾರ ಇರುವುದು ಪೂರ್ವಕ್ಕೆ, ಅದು ಬೇರೆ ಮಾತು. ಮುದ್ದೇನಹಳ್ಳಿಯವರು, ಹೊಸೂರಿನವರು ಬೇರೆ ಊರುಗಳ ವಿಶ್ವವಿದ್ಯಾಲಯ ಕಟ್ಟಲು ದುಡಿದರು. ನಮ್ಮ ನೆಲದಲ್ಲಿ ಒಂದು ಬಂದಾಗ ನಮ್ಮ ಹೆಸರು ಇರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊಸ ಕ್ಯಾಂಪಸ್‌ಗೆ ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯಲ್ಲಿ ಜಾಗ ಗುರುತಾಗಿದೆ, ನಿಮ್ಮ ಚಿಂತಾಮಣಿಗೆ ದೂರವೇನಲ್ಲ. ಕೆಲಸದ ಸಂದರ್ಶನದಲ್ಲಿ 'ಬೆಂಗಳೂರು ಉತ್ತರ ಎಲ್ಲಿದೆಯಮ್ಮ' ಅಂತ ಯಾರಾದರೂ ಕೇಳಿದರೆ, ಕೋಲಾರದ ಟಮಕ ಅಂತ ಊರಿನ ಹೆಸರು ಹಿಡಿದೇ ಹೇಳಲಿ ಮಗಳು.